ಕೊಳದ ಹೆಚ್ಚುವರಿ ನೀರು

ದೋಣಿಗಲ್ಲಿನ ಒಂದು ಮನೆಯ ಈಜುಕೊಳ ನೋಡಿಕೊಳ್ಳುವುದು ನನ್ನ ಕೆಲಸ. ಆವತ್ತು ಮಳೆಗೆ ಕೊಳ ತುಂಬಿ, ನೀರು ಪಂಪ್ ರೂಮಿನ ಬಾಗಿಲಿಗೆ ಬಂದಿತ್ತು. ಹೆಚ್ಚಾದ ನೀರು ಹೋಗುವ ಪೈಪು ಕಟ್ಟಿಕೊಂಡಿತ್ತು; ಅದಕ್ಕೆ ಕಂಬಿ ತೂರಿಸಿ ತೂರಿಸಿ ನನ್ನ ಕೈ ಸೋತಿತ್ತು. ಅಷ್ಟರಲ್ಲಿ ಕೆಳಗೆ ತೋಟದ ಕೂಲಿಯವರ ಲೈನ್ ಮನೆಯ ರತ್ನಮ್ಮ ಹತ್ತಿ ಬಂದರು.

"ಆ ಪೈಪಿನ ಕೆಳಗಿನ ಬಾಯಿಗೆ ಗೋಣಿಚೀಲ ತುರುಕಿರೋಳು ನಾನೇ ಕಣಣ್ಣ."

"ಯಾಕಮ್ಮ?"

"ನಿಮ್ಮ ಕೊಳದ ಔಷಧಿ ನೀರು ಸೀದಾ ನಮ್ಮ ಕುಡಿಯೋ ಬಾವಿಗೆ ಬೀಳ್ತೈತೆ. ಎರಡು ಸಲ ಹೇಳಿ ಕಳ್ಸಿದ್ರೂ ಯಾರೂ ಬರ್ಲಿಲ್ಲ."

ನಾನು ಕಂಬಿ ಬಿಟ್ಟು ಗುದ್ದಲಿ ಎತ್ತಿಕೊಂಡೆ. ಇಬ್ಬರೂ ಕೆಳಗಿಳಿದು, ಪೈಪಿನ ಬಾಯಿಂದ ರಸ್ತೆ ಚರಂಡಿಯವರೆಗೆ ಗುದ್ದಲಿಯಲ್ಲಿ ಕಾಲುವೆ ತೋಡಿದೆವು. ಆಮೇಲೆ ಚೀಲ ಎಳೆದೆ. ನೀರು ಭರ್ರನೆ ಚರಂಡಿಗೆ ಹೋಯಿತು. ಪಂಪೂ ಉಳಿಯಿತು, ಬಾವಿಯೂ ಉಳಿಯಿತು.

ಕೊಳದಲ್ಲಿ ನೀರು ಎಷ್ಟಿರಬೇಕೆಂದು ಮೂರು ವರ್ಷದಿಂದ ಅಳೆಯುತ್ತಿದ್ದವನು ನಾನು. ಹೆಚ್ಚಾದದ್ದು ಎಲ್ಲಿಗೆ ಹೋಗುತ್ತದೆಂದು ಒಮ್ಮೆಯೂ ಇಳಿದು ನೋಡಿರಲಿಲ್ಲ.