ಬಳಗಾನೂರಿನ ಹೊಲಕ್ಕೆ ಬಿದ್ದ ಚುಕ್ಕೆ

ನಾನು ಸಿಂಧನೂರಿನಿಂದ ಸುದ್ದಿ ಬರೆಯುತ್ತೇನೆ. ಊರು, ಹೊತ್ತು, ಅಂಕಿ ತಪ್ಪಬಾರದೆಂಬುದು ನನ್ನ ಹಟ. ಆ ಹಟದಿಂದಲೇ ಒಮ್ಮೆ ಕೆಟ್ಟೆ.

ಮಸ್ಕಿ, ಲಿಂಗಸುಗೂರು ಕಡೆ ವಾರವಿಡೀ ಪಾತ್ರೆ ಅಲುಗುವಷ್ಟು ಸಣ್ಣ ಭೂಕಂಪಗಳಾದವು. ಅದರಲ್ಲಿ ದೊಡ್ಡದರ ಕೇಂದ್ರಬಿಂದುವಿನ ಅಕ್ಷಾಂಶ, ರೇಖಾಂಶ ಸಿಕ್ಕಿದ್ದೇ ಮೊಬೈಲ್ ನಕ್ಷೆಗೆ ಹಾಕಿದೆ. ಚುಕ್ಕೆ ಬಳಗಾನೂರಿನ ಒಂದು ಹೊಲದ ನಡುವೆ ಬಿತ್ತು. ಬೈಕ್ ಹತ್ತಿ ಹೋಗಿ ಫೋಟೊ ತೆಗೆದೆ. ‘ಭೂಮಿ ನಡುಗಿದ್ದು ಇಲ್ಲಿಂದ’ ಎಂದು ಮರುದಿನ ನಕ್ಷೆಯ ಸಮೇತ ಅಚ್ಚಾಯಿತು. ಫೋಟೊದಲ್ಲಿ ಬೋರ್‌ವೆಲ್ ಕೊರೆಯುವ ಲಾರಿಯೂ ಇತ್ತು.

ಮೂರನೇ ದಿನ ಹೊಲದೊಡತಿ, ಊರಿಗೆಲ್ಲ ‘ಖಾಲಾ’ ಅಂದರೆ ಚಿಕ್ಕಮ್ಮ ಆದವರು, ಕಚೇರಿಗೇ ಬಂದರು. ಅವರದು ಕಾಲುವೆಯ ಕೊನೆಯ ಹೊಲ. ನೀರು ತಲುಪದ್ದರಿಂದ ಬೋರ್ ಹಾಕಿಸುತ್ತಿದ್ದರು.

“ಏನ್ರೀ ಪೇಪರ್ ಸಾಹೇಬ್ರ, ನನ್ನ ಬೋರಿನಿಂದ ಭೂಮಿ ನಡುಗ್ತದಂತ ಮಂದಿ ಗಾಡಿ ನಿಲ್ಸ್ಯಾರ. ಸಸಿ ಮಡಿ ಒಣಗಾಕತ್ತೈತಿ. ಚುಕ್ಕಿ ಇಡಾಕ ನನ್ನ ಹೊಲಾನೇ ಬೇಕಾಗಿತ್ತೇನು?”

“ಖಾಲಾ, ನಾ ಇಟ್ಟಿದ್ದಲ್ಲರೀ. ನಕ್ಷಾನೇ ತೋರಿಸ್ತು.”

“ಹಂಗಾದ್ರ ನಕ್ಷಾನ ಕರಕೊಂಡ್ ಬರ್ರಿ, ಅದನ್ನೇ ಕೇಳ್ತೀನಿ.”

ಕಂಪನ ಅಳೆಯುವ ಯಂತ್ರಗಳನ್ನು ಇಡಲು ಬಂದ ಸಂಶೋಧಕಿಯೊಬ್ಬರು ಮಸ್ಕಿಯಲ್ಲಿ ತಂಗಿದ್ದರು. ಅವರನ್ನು ಹುಡುಕಿಕೊಂಡು ಹೋದೆ. ನನ್ನ ವರದಿ ನೋಡಿ ನಕ್ಕರು. “ಮೊದಲ ಲೆಕ್ಕ ದೂರದ ಯಂತ್ರಗಳದ್ದು. ಎಷ್ಟೋ ಕಿಲೋಮೀಟರ್ ಆಚೀಚೆ ಆಗಬಹುದು. ನೀವು ಸರ್ವೆ ನಂಬರ್‌ವರೆಗೂ ಹೋಗಿಬಿಟ್ಟಿದ್ದೀರಲ್ಲ!”

ಅವರು ಕಂಪನಗಳನ್ನು ಎರಡೆರಡಾಗಿ ಜೊತೆಗಿಟ್ಟರು. ಒಂದೇ ಯಂತ್ರವನ್ನು ತಲುಪಲು ಒಂದಕ್ಕಿಂತ ಇನ್ನೊಂದು ಎಷ್ಟು ಹೆಚ್ಚು ಹೊತ್ತು ತೆಗೆದುಕೊಂಡಿತೆಂದು ಹೋಲಿಸಿ, ಎಲ್ಲದರ ಜಾಗವನ್ನೂ ಹೊಸದಾಗಿ ಗುರುತಿಸಿದರು. ಕೆಲವು ವಾರಗಳಲ್ಲಿ, ಚೆಲ್ಲಾಪಿಲ್ಲಿಯಾಗಿದ್ದ ಚುಕ್ಕೆಗಳು ಭತ್ತದ ನಾಟಿಯಂತೆ ಸಾಲಾಗಿ ನಿಂತವು. ಆ ಸಾಲೇ ಬಂಡೆಯ ಹಳೆಯ ಬಿರುಕು. ಅದಿದ್ದದ್ದು ಲಿಂಗಸುಗೂರಿನ ಕಡೆ, ಯಾವ ಬೋರೂ ಮುಟ್ಟದ ಆಳದಲ್ಲಿ.

ತಿದ್ದುಪಡಿಯನ್ನು ಒಳಪುಟದ ಮೂಲೆಯಲ್ಲಿ ಎರಡು ಸಾಲು ಹಾಕುತ್ತೇವೆಂದರು ಡೆಸ್ಕಿನವರು. ಮೊದಲಿನ ಜಾಗದಲ್ಲೇ, ಅಷ್ಟೇ ದೊಡ್ಡ ನಕ್ಷೆಯೊಂದಿಗೆ, ತಪ್ಪು ನಮ್ಮದೆಂದು ಬರೆದು ಹಾಕಬೇಕೆಂದು ಪಟ್ಟು ಹಿಡಿದೆ. ಹಾಗೆಯೇ ಬಂತು.

ಪತ್ರಿಕೆ ಹಿಡಿದು ಬಳಗಾನೂರಿಗೆ ಹೋದೆ. ಬೋರಿನ ಲಾರಿಯನ್ನು ತಡೆದಿದ್ದ ಪಕ್ಕದ ಹೊಲದವನು ಚಹಾದಂಗಡಿಯಲ್ಲಿ ನಕ್ಷೆಯನ್ನು ಎರಡು ಸಲ ನೋಡಿದ. ಮುಖ ಸಪ್ಪಗಾಯಿತು.

“ಅಂದ್ರ ನಮ್ಮೂರಾಗ ಏನೂ ಇಲ್ಲೇನ್ರೀ? ಇಲ್ಲೇ ಹುಟ್ಟೈತಿ ಅಂತ ಬೀಗರಿಗೆಲ್ಲಾ ಫೋನ್ ಹಚ್ಚಿ ಹೇಳೀನಲ್ರೀ!”

“ಮತ್ತ ಹಚ್ಚಿ ಹೇಳಲೇ,” ಎಂದರು ನನ್ನ ಹಿಂದೆಯೇ ಅಂಗಡಿಗೆ ಬಂದಿದ್ದ ಖಾಲಾ. “ಮೊದ್ಲ ಬೋರಿನ ಗಾಡಿಯವಗ ಹಚ್ಚು.”

ಅವನು ಹಚ್ಚಿದ. ಮಧ್ಯಾಹ್ನದ ಹೊತ್ತಿಗೆ ಕೊರೆತ ಶುರುವಾಯಿತು.