ಏಕಾಂತಮ್ಮನ ಬಿರುಕು ಬಿಟ್ಟ ಕೋಟೆ

ಚಿತ್ರದುರ್ಗದ ಒಂದು ಪ್ರಿಂಟಿಂಗ್ ಪ್ರೆಸ್ಸಿನ ಹಿಂದಿನ ಕೋಣೆಯಲ್ಲಿ ಏಕಾಂತಮ್ಮ ಹನ್ನೆರಡು ವರ್ಷ ಆಸಿಡ್ ಹೊಗೆ ಕುಡಿದಳು. ಲಗ್ನಪತ್ರಿಕೆಯ ಗಣಪತಿ, ಬೀಡಿ ಕಟ್ಟಿನ ನವಿಲು, ಮಠದ ಸ್ವಾಮಿಗಳ ಮುಖ ಎಲ್ಲವೂ ಸತುವಿನ ತಗಡಿಗೆ ಇಳಿಯುತ್ತಿದ್ದುದು ಅವಳ ಕೈಯಿಂದ. ಯಾರಾದರೂ ಹೊಗಳಿದರೆ ಮಾತ್ರ ಮಾಲೀಕ ಪಂಚಾಕ್ಷರಪ್ಪನ ಬಾಯಲ್ಲಿ ಒಂದೇ ಮಾತು: “ಚಿತ್ರ ನಮ್ಮ ಪಾಪಣ್ಣಂದು.” ಹೌದು ಸ್ವಾಮಿ, ಗೆರೆ ಎಳೆಯುತ್ತಿದ್ದವನು ಪಾಪಣ್ಣನೇ. ಎಳೆದು, ಬೀಡಿ ಹಚ್ಚಿಕೊಂಡು ಎದ್ದು ಹೋಗುತ್ತಿದ್ದವನಿಗೆ ಮುಂದಿನ ಕೆಲಸದ ಗಂಧಗಾಳಿಯೂ ಇರಲಿಲ್ಲ.

ಮುಂದಿನದ್ದೇ ಕೆಲಸ. ಅಚ್ಚಿನಲ್ಲಿ ಕಪ್ಪಾಗಿ ಬರಬೇಕಾದ ಜಾಗಕ್ಕೆಲ್ಲ ಡಾಂಬರಿನ ಲೇಪ ಬಳಿದು ತಗಡನ್ನು ಆಸಿಡ್ಡಿನಲ್ಲಿ ಮುಳುಗಿಸಬೇಕು. ಏಳುವ ಗುಳ್ಳೆಗಳನ್ನು ಕೋಳಿ ಗರಿಯಿಂದ ಸವರುತ್ತ ಕಾಯಬೇಕು. ಲೇಪ ಇಲ್ಲದ ಕಡೆ ಆಸಿಡ್ ತಿಂದು ತಗ್ಗು ಮಾಡುತ್ತದೆ. ತಗ್ಗಿಗೆ ಶಾಯಿ ಹತ್ತದೆ ಕಾಗದ ಅಲ್ಲಿ ಬೆಳ್ಳಗೆ ಉಳಿಯುತ್ತದೆ. ಒಂದು ನಿಮಿಷ ಆಚೀಚೆಯಾದರೆ ಸ್ವಾಮಿಗಳ ಮೂಗೇ ಮಾಯ.

ಎಪ್ಪತ್ನಾಲ್ಕರ ದೀಪಾವಳಿ ಕಳೆದ ಮೇಲೆ ಭೀಮಸಮುದ್ರದ ಅಡಿಕೆ ವ್ಯಾಪಾರಿ ನಾಗರಾಜಪ್ಪ ತನ್ನ ಕ್ಯಾಲೆಂಡರಿಗೆ ದುರ್ಗದ ಕೋಟೆಯ ಚಿತ್ರ ಬೇಕೆಂದ. ಅರ್ಧ ತಗಡು ಬಳಿಯುವಷ್ಟರಲ್ಲಿ ಲೇಪದ ಡಬ್ಬಿ ತಳ ಕಂಡಿತು. ಏಕಾಂತಮ್ಮನ ತವರೂ ಭೀಮಸಮುದ್ರವೇ. ಅಡಿಕೆ ಬೇಯಿಸಿದ ನೀರನ್ನು ಬತ್ತಿಸಿದ ಚೊಗರು ಅವಳ ಮನೆಯಲ್ಲಿ ಸದಾ ಒಂದು ಡಬ್ಬಿ ಇರುತ್ತಿತ್ತು. ಸೀರೆಗೆ ಅಂಟಿದರೆ ಜನ್ಮದಲ್ಲಿ ಬಿಡದ ಚೊಗರು ತಗಡನ್ನು ಬಿಟ್ಟೀತೇ ಎಂದುಕೊಂಡು ಉಳಿದ ಲೇಪಕ್ಕೆ ಅದನ್ನೇ ಬೆರೆಸಿ ಬಳಿದಳು. ಅಡಿಕೆ ಸೀಮೆಯವರಿಗಲ್ಲದೆ ಇನ್ನಾರಿಗೆ ಹೊಳೆಯಬೇಕು ಇಂಥ ಬುದ್ಧಿ! ಒಣಗಿದ ಲೇಪ ಬತ್ತಿದ ಕೆರೆಯ ಅಂಗಳದ ಹಾಗೆ ಬಿರಿಯಿತು, ಬಿರಿದಲ್ಲೆಲ್ಲ ಆಸಿಡ್ ನುಗ್ಗಿತು.

ಮೊದಲ ಪ್ರೂಫ್ ನೋಡಿ ಪಾಪಣ್ಣ ಕೆಂಡವಾದ. ಅವನು ಬರೆದದ್ದು ನುಣ್ಣನೆಯ ಕಪ್ಪು ಬಂಡೆ. ಬಂದದ್ದು ಅಡಿಯಿಂದ ಬುರುಜಿನವರೆಗೆ ಬಿಳಿ ಬಿರುಕು ಹರಿದ ಬಂಡೆ.

“ಇದು ನಂದಲ್ಲ. ಈವಮ್ಮ ಕೆಡಿಸಿ ಇಟ್ಟವ್ಳೆ,” ಎಂದು ಎಲ್ಲರ ಎದುರಿಗೇ ಕೈ ತೊಳೆದುಕೊಂಡ.

ಏಕಾಂತಮ್ಮ ಕಾಗದವನ್ನು ಕಣ್ಣು ಕೀಲಿಸಿ ನೋಡಿದಳು. ದಿನಾ ಕೋಟೆಯ ಬುಡದಲ್ಲೇ ನಡೆದು ಬರುವವಳು ಅವಳು. “ಬಂಡೆ ಇರೋದೇ ಹಿಂಗಲ್ವೇನ್ರಿ? ಕೆಟ್ಟೈತೆ ಅಂತ ನಾನು ಒಪ್ಪಲ್ಲ,” ಎಂದಳು.

ಬೈಗುಳ ಬಿದ್ದವು. ಹೊಸ ತಗಡು ಮಾಡು ಎಂದು ಅಪ್ಪಣೆಯೂ ಆಯಿತು. ಅವಳು ಹೊಸದನ್ನು ಮುಟ್ಟಲಿಲ್ಲ. ರದ್ದಿ ತಗಡಿನ ಚೂರುಗಳಿಗೆ ಚೊಗರು ಗಟ್ಟಿ ಮಾಡಿ ಬಳಿದಳು, ತೆಳ್ಳಗೆ ಬಳಿದಳು, ಬಿಸಿಲಿಗಿಟ್ಟಳು, ನೆರಳಿಗಿಟ್ಟಳು. ಒಂದರ ಬಿರುಕು ಇನ್ನೊಂದಕ್ಕೆ ಬರಲಿಲ್ಲ. ಮೊದಲು ತಲೆ ಚಿಟ್ಟು ಹಿಡಿಯಿತು. ನಾಲ್ಕನೆಯ ದಿನಕ್ಕೆ, ಮುಂದಿನದು ಹೇಗೆ ಬಂದೀತು ಎಂಬ ಆಸೆಗೇ ಬೇಗ ಎದ್ದು ಕೆಲಸಕ್ಕೆ ಬರುತ್ತಿದ್ದಳು. ಹನ್ನೆರಡು ವರ್ಷದಲ್ಲಿ ಅಂಥ ಖುಷಿ ಅವಳಿಗೆ ಆಗಿರಲಿಲ್ಲ.

ಅಷ್ಟರಲ್ಲಿ ನಾಗರಾಜಪ್ಪ ಬಂದ. ಮೇಜಿನ ಮೇಲಿದ್ದ ಬಿರುಕಿನ ಪ್ರೂಫ್ ಎತ್ತಿಕೊಂಡವನು ಕೆಳಗಿಡಲೇ ಇಲ್ಲ. “ಇದೇ ಇರ್ಲಿ ಪಂಚಾಕ್ಷರಪ್ಪಾರೆ. ನಾಳಿಕ್ಕೆ ಬಂದು ಕೊನೇ ಪ್ರೂಫ್ ನೋಡ್ತೀನಿ,” ಎಂದು ಹೋದ.

ಆಮೇಲಿನದನ್ನು ಕೇಳಿ. ಮರುದಿನ ಏಕಾಂತಮ್ಮ ಬಂದಾಗ ಕೋಟೆಯ ತಗಡಿನ ಬಲ ಮೂಲೆಯ ಕಪ್ಪಿನಲ್ಲಿ ಪಾಪಣ್ಣ ಸೂಜಿಯಿಂದ ತನ್ನ ಹೆಸರು ಕೊರೆದು ಮುಗಿಸಿದ್ದ. ವಾರದ ಹಿಂದೆ ನಂದಲ್ಲ ಎಂದಿದ್ದ ಅದೇ ಮನುಷ್ಯ.

“ಕೆಡಿಸಿದ್ದು ನಾನು, ಹೆಸರು ಅವರ್ದಾ?” ಎಂದು ಪಂಚಾಕ್ಷರಪ್ಪನನ್ನೇ ಕೇಳಿದಳು.

“ಪದ್ಧತಿ ಹಂಗೈತವ್ವ. ಬರೆದೋರ ಹೆಸರೇ ಹಾಕೋದು.”

ಅವಳು ತಗಡು ಎತ್ತಿಕೊಂಡಳು. ಆ ಹೆಸರಿನ ಜಾಗವೊಂದನ್ನು ಬಿಟ್ಟು ಉಳಿದದ್ದಕ್ಕೆಲ್ಲ ಚೊಗರಿನ ಲೇಪ ಬಳಿದು, ಒಣಗಿಸಿ, ಅವರಿಬ್ಬರ ಎದುರಿಗೇ ಆಸಿಡ್ ತಟ್ಟೆಗೆ ಇಳಿಸಿದಳು.

“ಏನ್ ಮಾಡ್ತಿದೀಯ? ಪೂರಾ ಹೋದ್ರೆ?” ಪಂಚಾಕ್ಷರಪ್ಪ ಹೌಹಾರಿದ.

“ಹೋಗ್ಲಿ. ಉಳಿದಷ್ಟು ನಂದು.”

ಹೆಸರು ಹೋಯಿತು. ಅಲ್ಲಿಗೆ ನಿಲ್ಲದೆ ಆಸಿಡ್ ಲೇಪದ ಅಡಿಗೂ ನುಸುಳಿ ಮೂಲೆಯ ಬುರುಜನ್ನು ಕಚ್ಚತೊಡಗಿತು. ಈಗಲೇ ಎತ್ತಿಬಿಡು ಎಂದಿತು ಅಭ್ಯಾಸ. ಕೈ ಮುಂದೆ ಹೋಯಿತು, ಹಿಂದೆಳೆದುಕೊಂಡಳು. ಭಯವಾಗಿತ್ತು, ಸುಳ್ಳೇಕೆ ಹೇಳಲಿ. ಆದರೆ ಮೊದಲ ಸಲ ತಾನಾಗಿ ಆದದ್ದನ್ನು ಈ ಸಲ ತಾನೇ ಬಿಟ್ಟು ನೋಡಬೇಕೆಂಬ ಹಟ ಭಯಕ್ಕಿಂತ ದೊಡ್ಡದಾಗಿತ್ತು. ನೂರರವರೆಗೆ ಎಣಿಸಿ ಎತ್ತಿದಳು.

ಪ್ರೂಫಿನಲ್ಲಿ ಬಲ ಬುರುಜು ಅರ್ಧ ಕರಗಿ ಬೆಳಗಿನ ಮಂಜಿನೊಳಗೆ ನಿಂತಿತ್ತು. ಬೇಕೆಂದು ಕೂತರೂ ಯಾವ ಕೈಗೂ ಹಾಗೆ ಬರೆಯಲು ಆಗುತ್ತಿರಲಿಲ್ಲ. ಹೇಳಿದಂತೆ ಬಂದಿದ್ದ ನಾಗರಾಜಪ್ಪ ಅದನ್ನು ಬಾಗಿಲ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿ, “ಇದನ್ನ ಯಾರು ಮಾಡಿದ್ದು?” ಎಂದ.

ಪಂಚಾಕ್ಷರಪ್ಪ ರೂಢಿಯಂತೆ ಬಾಯಿ ತೆರೆದು ಪಾಪಣ್ಣನ ಕಡೆ ತಿರುಗಿದ. ಪಾಪಣ್ಣ ಬೀಡಿಗಾಗಿ ಜೇಬು ತಡಕುತ್ತಿದ್ದ.

“ನಾನು,” ಎಂದಳು ಏಕಾಂತಮ್ಮ. “ಇನ್ನೊಂದು ಇಂಥದೇ ಮಾಡು ಅಂದ್ರೆ ಮಾತ್ರ ಆಗಲ್ಲ.”