ಬೆದೆಗೆ ಬಾರದ ಮಣಕಗಳು

ಹಲವಾಗಲು ಊರಿನ ಹತ್ತಿರ ಹೊಲದಲ್ಲೇ ನಮ್ಮ ಮನೆ. ತೊಂಬತ್ತರ ದಶಕದ ಕೊನೆಯಲ್ಲಿ ಅಪ್ಪ ಮೆಕ್ಕೆಜೋಳ ಹಾಕಿದ. ಕಳೆ ತೆಗೆಯಲು ಆಳು ಸಿಗದೆ ಕಳೆನಾಶಕ ತಂದ. ಮನೆಯಲ್ಲಿ ಎಲ್ಲರೂ ಅದನ್ನು ‘ಕಳಿ ಎಣ್ಣಿ’ ಅನ್ನುತ್ತಿದ್ದೆವು. ಬಾವಿಯ ಪಕ್ಕದಲ್ಲೇ ಅದನ್ನು ನೀರಿಗೆ ಬೆರೆಸಿ, ಹೊಡೆದಾದ ಮೇಲೆ ಬೆನ್ನಿಗೆ ಕಟ್ಟುವ ಪಂಪನ್ನೂ ಅಲ್ಲೇ ತೊಳೆಯುತ್ತಿದ್ದ. ಆ ನೀರು ದನ ಕುಡಿಯುವ ಗುಂಡಿಗೆ ಹರಿಯುತ್ತಿತ್ತು. ನಾವು ಕುಡಿಯುತ್ತಿದ್ದುದೂ ಅದೇ ಬಾವಿಯ ನೀರು.

ಆ ಮಳೆಗಾಲದಲ್ಲಿ ನಮ್ಮ ಎರಡು ಆಕಳು ಹೆಣ್ಣುಗರು ಹಾಕಿದವು. ಅತ್ತಿಗೆಗೂ ಹೆಣ್ಣುಮಗು ಹುಟ್ಟಿತು. “ಮನಿ ತುಂಬಿತು ನೋಡು” ಎಂದು ಅವ್ವ ಹಿಗ್ಗಿದಳು.

ಕರುಗಳು ಬೆಳೆದು ಮೈತುಂಬಿದ ಮಣಕಗಳಾದವು. ಬೆದೆಗೆ ಮಾತ್ರ ಬರಲಿಲ್ಲ. ಓರಗೆಯ ದನಗಳೆಲ್ಲ ಈದು ಹಾಲು ಕೊಡುತ್ತಿದ್ದವು. ಅವ್ವ ಹಿಂಡಿ ಹೆಚ್ಚಿಸಿದಳು, ಹರಕೆ ಹೊತ್ತಳು. ಕಡೆಗೆ ಹರಪನಹಳ್ಳಿಯಿಂದ ದನದ ಡಾಕ್ಟರನ್ನು ಕರೆಸಿದೆವು. ಅವರು ಎರಡನ್ನೂ ಕೈಹಾಕಿ ಪರೀಕ್ಷೆ ಮಾಡಿದರು.

“ಅಂಡಾಶಯನ ಬೆಳದಿಲ್ರಿ. ಕಾಳಿನಷ್ಟು ಅದಾವ. ಎಳೇವು ಇದ್ದಾಗ ಏನ್ ಮೇದಾವ, ಏನ್ ಕುಡದಾವ?”

ಅವ್ವ ಗುಂಡಿ ತೋರಿಸಿದಳು. ಡಾಕ್ಟರು ಬಾವಿಯ ಬಳಿ ಬಿದ್ದಿದ್ದ ಕಳಿ ಎಣ್ಣಿಯ ಖಾಲಿ ಡಬ್ಬಿಗಳನ್ನು ನೋಡಿದರು.

“ಅದರಿಂದನೂ ಆಗಿರಬಹುದು. ಖರೇನ ಅದರಿಂದನ ಅಂತ ಹೇಳಾಕ ಆಗಂಗಿಲ್ರಿ.”

“ಹಂಗಾರ ನಮ್ಮ ಮೊಮ್ಮಗಳು? ಆಕಿನೂ ಇದ ನೀರ ಕುಡದಾಳ್ರಿ.”

ಡಾಕ್ಟರು ಕೈ ತೊಳೆಯುತ್ತ ತಲೆ ಎತ್ತಲಿಲ್ಲ. “ನಾನು ದನದ ಡಾಕ್ಟರ್ ರೀ ಅವ್ವಾರ. ಮನುಷ್ಯಾರದು ನನಗ ಗೊತ್ತಿಲ್ಲ.”

ಬಾಗಿಲಲ್ಲಿದ್ದ ಅತ್ತಿಗೆ ಮಗುವನ್ನು ಎತ್ತಿಕೊಂಡು ಒಳಗೆ ಹೋದಳು. ಡಾಕ್ಟರು ಹೋದ ಮೇಲೆ ಸಿಡಿದಳು.

“ನನ್ನ ಮಗಳನ್ನ ಗೊಡ್ಡು ದನದ ಜೋಡಿ ಹಚ್ಚತೀರೇನ್ರಿ ಅತ್ತಿ? ಮುಂದ ಈ ಮಾತು ಊರಾಗ ಹೋದ್ರ ಯಾರು ಮಾಡಿಕೊಂತಾರ ಆಕಿನ್ನ?”

ಅವ್ವ ಮರುದಿನದಿಂದ ಊರ ನಳದಿಂದ ಕೊಡ ಹೊತ್ತು ತಂದು, ಮಗುವಿಗೆ ಆ ನೀರನ್ನೇ ಕೊಟ್ಟಳು. ಅತ್ತಿಗೆ ಹಟಕ್ಕೆ ಬಿದ್ದು ಬಾವಿಯ ನೀರನ್ನೇ ಕುಡಿಸಿದಳು. ಒಂದೇ ಒಲೆಯ ಮುಂದೆ ಕೂತರೂ ಅತ್ತೆ ಸೊಸೆಯರಿಗೆ ಮಾತಿಲ್ಲ. ಅಪ್ಪ ಬೆರೆಸುವ ಜಾಗವನ್ನು ಬದುವಿನಾಚೆಗೆ ಸರಿಸಿದನೇ ಹೊರತು ಕಳಿ ಎಣ್ಣಿ ಬಿಡಲಿಲ್ಲ.

ಕೊನೆಗೆ ಅಪ್ಪ ಮಾರಿದ ಮಣಕಗಳನ್ನು ಕಸಾಯಿಯವರು ಹೊಡೆದುಕೊಂಡು ಹೋದರು. ಆ ದಿನ ಅವ್ವ ಊಟ ಮಾಡಲಿಲ್ಲ. ಸಂಜೆ ಅತ್ತಿಗೆ ಯಾರಿಗೂ ಹೇಳದೆ ಕೊಡ ತೆಗೆದುಕೊಂಡು ನಳದ ಕಡೆ ನಡೆದಳು.